ಲಾಟೀನು ಕೈ ಬದಲಿಸಿದ ದೃಶ್ಯ

ಅವಳನ್ನು ಸೆಟ್ಟಿನಲ್ಲಿ ಎಲ್ಲರೂ ಗುಂಡಿಯಕ್ಕ ಎಂದೇ ಕರೆಯುತ್ತಿದ್ದರು. ಮೊದಲ ಸಿನಿಮಾದಲ್ಲೇ ಅಂಟಿಕೊಂಡ ಹೆಸರು ಅದು. ಆಗ ಅವಳಿಗೆ ಇಪ್ಪತ್ತಾರು ವರ್ಷ. ಸಂಜೆ ಪ್ಯಾಕಪ್ ಆಗಿ, ಲೈಟುಗಳು ಆರಿ, ಎಂಬತ್ತು ಜನ ವೈರು ಸುತ್ತುತ್ತ ಮನೆಗೆ ಹೊರಡುವ ಆತುರದಲ್ಲಿದ್ದಾಗ ಅವಳು ಹೋಗಿ ನಿರ್ದೇಶಕರ ಮುಂದೆ ನಿಂತಳು.

"ಸರ್, ಹೊರಗಡೆ ಶಾಟ್‌ನಲ್ಲಿ ಹೀರೋ ಅಂಗಿ ಮೇಲಿನ ಗುಂಡಿ ಬಿಚ್ಚಿತ್ತು. ಈಗ ಒಳಗೆ ಬರುವಾಗ ಹಾಕ್ಕೊಂಡಿದಾರೆ."

ಬೈಗುಳ ಬಿತ್ತು. ಆದರೂ ಹಳೆಯ ಶಾಟ್ ತೆಗೆದು ನೋಡಿದರು. ಅವಳು ಹೇಳಿದ್ದೇ ಸರಿ. ಎಂಬತ್ತು ಜನ ಮತ್ತೆ ವೈರು ಬಿಡಿಸಿದರು. ಅಂದು ಕ್ಯಾಮೆರಾ ಹಿಡಿದಿದ್ದವನು ನಗುತ್ತ ಹೇಳಿದ: "ಗುಂಡಿ ಅಂದ್ರೆ ಅಂಗೀದೂ ಆಗುತ್ತೆ, ರಸ್ತೇದೂ ಆಗುತ್ತೆ. ಅಂಗೀದು ಅಕ್ಕ ನೋಡದೇ ಇದ್ರೆ ನಾವೆಲ್ಲ ಹೋಗಿ ರಸ್ತೇದರಲ್ಲಿ ಬೀಳ್ತಿದ್ವಿ."

ಸಿನಿಮಾವನ್ನು ಕಥೆ ನಡೆಯುವ ಕ್ರಮದಲ್ಲಿ ತೆಗೆಯುವುದಿಲ್ಲ. ಬಾಗಿಲ ಹೊರಗಿನದು ಈ ತಿಂಗಳು, ಒಳಗಿನದು ಮುಂದಿನ ತಿಂಗಳು, ನಡುವಿನ ಹೊಸ್ತಿಲು ಇನ್ನೆಂದೋ. ತೆರೆಯ ಮೇಲೆ ಎರಡು ಸೆಕೆಂಡಿನಲ್ಲಿ ದಾಟುವ ಆ ಹೊಸ್ತಿಲಿನ ಎರಡೂ ಬದಿಯಲ್ಲಿ ಕೂದಲು ಎಷ್ಟು ಕೆದರಿತ್ತು, ಮೇಣದಬತ್ತಿ ಎಷ್ಟು ಕರಗಿತ್ತು, ಕಣ್ಣೀರು ಯಾವ ಕೆನ್ನೆಯಲ್ಲಿ ಎಲ್ಲಿಯವರೆಗೆ ಇಳಿದಿತ್ತು ಎಂಬುದನ್ನೆಲ್ಲ ಯಾರಾದರೂ ಒಬ್ಬರು ನೆನಪಿಟ್ಟುಕೊಳ್ಳಬೇಕು. ಸೆಟ್ಟಿನ ಮಾತಿನಲ್ಲಿ ಅದಕ್ಕೆ ಕಂಟಿನ್ಯೂಟಿ ಎನ್ನುತ್ತಾರೆ. ಇಪ್ಪತ್ತೆಂಟು ವರ್ಷ ಅವಳು ಆ ಕೆಲಸ ಮಾಡಿದಳು. ಸ್ಟೂಲಿನ ಮೇಲೆ ಕೂತು, ತೊಡೆಯ ಮೇಲೆ ನೋಟುಪುಸ್ತಕ ಇಟ್ಟುಕೊಂಡು, ಕೊರಳಲ್ಲಿ ಸ್ಟಾಪ್‌ವಾಚ್ ನೇತುಹಾಕಿಕೊಂಡು ಜನರನ್ನು ನೋಡುತ್ತಿದ್ದಳು. ಎಲ್ಲ ಸರಿಯಿದ್ದರೆ ಅವಳು ಅಲ್ಲಿದ್ದಾಳೆ ಎಂಬುದೇ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಮನೆ ಎರಡನೇ ಮಹಡಿಯಲ್ಲಿತ್ತು. ಒಂದು ಕೋಣೆ, ಒಂದು ಅಡುಗೆಮನೆ, ಒಂದೇ ಕುರ್ಚಿ ಹಿಡಿಸುವಷ್ಟು ಬಾಲ್ಕನಿ. ಮದುವೆಯ ಮಾತು ಎರಡು ಸಲ ಬಂದು ಎರಡು ಸಲವೂ ಶೂಟಿಂಗಿನ ತಾರೀಖಿಗೆ ತಗುಲಿಕೊಂಡು ನಿಂತಿತ್ತು. ಅಮ್ಮ ಇರುವವರೆಗೆ ಇಬ್ಬರಿದ್ದರು. ಅಮ್ಮ ಹೋದ ಮೇಲೆ, ಬೆಳಿಗ್ಗೆ ಕಟ್ಟೆಯ ಮೇಲಿಟ್ಟು ಹೋದ ಲೋಟ ಸಂಜೆ ಬರುವಾಗಲೂ ಅದೇ ಜಾಗದಲ್ಲಿ, ಹಿಡಿಕೆ ಅದೇ ದಿಕ್ಕಿಗೆ ತಿರುಗಿಕೊಂಡು ಇರುತ್ತಿತ್ತು. ಕಂಟಿನ್ಯೂಟಿ ತಪ್ಪಬೇಕಾದರೆ ಮನೆಯಲ್ಲಿ ಇನ್ನೊಬ್ಬರು ಇರಬೇಕಲ್ಲ.

ಐವತ್ತನಾಲ್ಕರಲ್ಲಿ ಅವಳಿಗೆ ಆ ಪುಸ್ತಕದ ಸಿನಿಮಾ ಸಿಕ್ಕಿತು. ಒಂದು ತಲೆಮಾರಿನ ಮಕ್ಕಳೆಲ್ಲ ಓದಿ ಬೆಳೆದ ದಪ್ಪ ಪುಸ್ತಕ. ನೂರು ವರ್ಷಕ್ಕೊಮ್ಮೆ ಎದ್ದು ನಡೆಯುವ ಬೆಟ್ಟದ ಕಥೆ. ಬೆಟ್ಟಕ್ಕೆ ಕಣ್ಣಿಲ್ಲ. ಅದು ಊರುಗಳನ್ನು ತುಳಿಯದಂತೆ ಒಬ್ಬ ಮುದುಕ ಲಾಟೀನು ಹಿಡಿದು ಮುಂದೆ ಮುಂದೆ ನಡೆಯುತ್ತಾನೆ, ಜೊತೆಗೆ ಒಂಬತ್ತು ವರ್ಷದ ಮೊಮ್ಮಗಳು. ಅವಳ ಎರಡು ಜಡೆಗಳಲ್ಲಿ ಎಡಗಡೆಯದು ಹುಟ್ಟಿನಿಂದಲೇ ಬಿಳಿ. "ಬಲಗೈಯಲ್ಲಿ ಲಾಟೀನು, ಎಡಗೈಯಲ್ಲಿ ಹುಡುಗಿ" ಎಂಬ ಮಾತು ಪುಸ್ತಕದ ತುಂಬ ಬರುತ್ತದೆ, ಓದಿದವರಿಗೆಲ್ಲ ಬಾಯಿಪಾಠ.

ನಿರ್ದೇಶಕ ಮೂವತ್ತೈದರ ಹುಡುಗ. ಚಿಕ್ಕಂದಿನಲ್ಲಿ ತಾನು ಓದಿದ ಪ್ರತಿಯನ್ನೇ ಸೆಟ್ಟಿಗೂ ತರುತ್ತಿದ್ದ. ಅದರ ರಟ್ಟು ಕಿತ್ತುಹೋಗಿ, ರಬ್ಬರ್ ಬ್ಯಾಂಡಿನಲ್ಲಿ ನಿಂತಿತ್ತು.

"ಅಕ್ಕ, ಪುಸ್ತಕದಲ್ಲಿ ಹೇಗಿದೆಯೋ ಹಾಗೇ ಇರ್ಬೇಕು. ಒಂದು ಅಕ್ಷರ ಆಚೀಚೆ ಆಗ್ಬಾರ್ದು," ಎಂದಿದ್ದ ಮೊದಲ ದಿನ.

ಎರಡನೇ ದಿನವೇ ಅಕ್ಷರಗಳು ಆಚೀಚೆಯಾಗತೊಡಗಿದವು. ಪುಸ್ತಕದಲ್ಲಿ ಬೆಟ್ಟಕ್ಕೆ ಹನ್ನೊಂದು ಕಾಲು. ರಬ್ಬರು, ಬಟ್ಟೆ, ಬಿದಿರು ಸೇರಿಸಿ ಕಾರ್ಖಾನೆಯವರು ಮಾಡಿಕೊಟ್ಟದ್ದು ಒಂದು. ಆ ಒಂದನ್ನೇ ಹನ್ನೊಂದು ಕಡೆ ನಿಲ್ಲಿಸಿ ತೆಗೆದರು. ಒಂದು ಸಲ ಸಾಗಿಸುವಾಗ ಅದರ ಕಿರುಬೆರಳು ಕಿತ್ತು ಬಂತು. ಅವಳು ಓಡಿ ಹೋಗಿ ಹೇಳದಿದ್ದರೆ ಬೆಟ್ಟ ಒಂದು ಹೆಜ್ಜೆಗೆ ಐದು ಬೆರಳು, ಇನ್ನೊಂದು ಹೆಜ್ಜೆಗೆ ನಾಲ್ಕು ಬೆರಳಿನಲ್ಲಿ ನಡೆದುಬಿಡುತ್ತಿತ್ತು. ಹುಡುಗಿ ಕಥೆಯುದ್ದಕ್ಕೂ ಬರಿಗಾಲಲ್ಲಿ ನಡೆಯಬೇಕು. ಚೂಪು ಕಲ್ಲಿನ ಮೇಲೆ ಮಗುವನ್ನು ಹಾಗೆ ನಡೆಸಲು ಯಾರಿಗೂ ಮನಸ್ಸಾಗಲಿಲ್ಲ. ಮೈಬಣ್ಣದ ತೆಳು ಬೂಟು ಹೊಲಿಸಿದರು. ಹಿಮವೆಲ್ಲ ನೊರೆ ಮತ್ತು ಚೂರು ಕಾಗದ. ಉರಿಬಿಸಿಲಿನಲ್ಲಿ ಚಳಿಗೆ ನಡುಗುವ ಜನರ ಹಣೆಯ ಬೆವರನ್ನು ಪ್ರತಿ ಶಾಟಿಗೂ ಒರೆಸಬೇಕಿತ್ತು. ನಿರ್ದೇಶಕ ಪ್ರತಿ ಸಲವೂ ಎರಡು ನಿಮಿಷ ತಲೆ ಮೇಲೆ ಕೈ ಹೊತ್ತು ಕೂರುತ್ತಿದ್ದ. ಆಮೇಲೆ ಎದ್ದು ಏನಾದರೂ ಒಂದು ದಾರಿ ಹುಡುಕುತ್ತಿದ್ದ.

ಲಾಟೀನಿನ ಮುದುಕನ ಪಾತ್ರಕ್ಕೆ ಬಂದವರು ಎಪ್ಪತ್ತೊಂದರ ಹಿರಿಯ ನಟರು. ನಲವತ್ತು ಸಿನಿಮಾಗಳಲ್ಲಿ ಶಾಲೆಯ ಮೇಷ್ಟ್ರ ಪಾತ್ರ ಮಾಡಿ ಮಾಡಿ ಎಲ್ಲರ ಬಾಯಲ್ಲೂ ಮೇಷ್ಟ್ರೇ ಆಗಿಬಿಟ್ಟಿದ್ದರು. ಹೆಂಡತಿ ತೀರಿಕೊಂಡಿದ್ದರು, ಒಬ್ಬಳೇ ಮಗಳು ದೂರದೇಶದಲ್ಲಿ. ಊಟದ ಹೊತ್ತಿಗೆ ಬೇರೆಯವರೆಲ್ಲ ಗುಂಪುಗುಂಪಾಗಿ ಕೂತರೆ ಈ ಇಬ್ಬರು ಒಂದೇ ಮೇಜಿನ ಎರಡು ತುದಿಯಲ್ಲಿ ಕೂರುತ್ತಿದ್ದರು. ಮೊದಲ ವಾರ ಮಾತಿಲ್ಲ. ಎರಡನೇ ವಾರ ಮೇಷ್ಟ್ರು ತಟ್ಟೆ ಎತ್ತಿಕೊಂಡು ನಡುವಿನವರೆಗೆ ಬಂದರು.

"ಏನಮ್ಮಾ, ನಾನು ನಿನ್ನೆ ಎಷ್ಟು ತುತ್ತು ತಿಂದೆ ಅಂತಾನೂ ಬರ್ಕೊಂಡಿದೀಯಾ?"

"ಶಾಟ್‌ನಲ್ಲಿ ತಿಂದಿದ್ರೆ ಬರೀತಿದ್ದೆ, ಮೇಷ್ಟ್ರೇ."

"ಹಾಗಾದ್ರೆ ಇಲ್ಲಿ ನೆಮ್ಮದಿಯಾಗಿ ತಿನ್ಬಹುದು," ಎಂದು ಅಲ್ಲೇ ಕೂತರು. ಅಲ್ಲಿಂದ ಮುಂದೆ ದಿನವೂ ಅಲ್ಲೇ. ಹೆಚ್ಚೇನೂ ಮಾತಾಡುತ್ತಿರಲಿಲ್ಲ. ಅವಳಿಗೆ ಅಷ್ಟೇ ಸಾಕಾಗಿತ್ತು.

ಕಥೆಯ ದೊಡ್ಡ ದೃಶ್ಯ ಹೆಪ್ಪುಗಟ್ಟಿದ ಕೆರೆಯದು. ಬೆಟ್ಟ ಹಿಂದೆ ನಿಂತಿದೆ, ಮುದುಕ ಹುಡುಗಿಯ ಕೈ ಹಿಡಿದು ಮಂಜುಗಡ್ಡೆಯ ಮೇಲೆ ನಡೆಯುತ್ತಾನೆ, ಬೆಟ್ಟದ ಭಾರ ತಡೆಯುವ ದಾರಿ ಯಾವುದೆಂದು ಹುಡುಕುತ್ತಾನೆ. ತೆರೆಯ ಮೇಲೆ ನಾಲ್ಕು ನಿಮಿಷ. ದೂರದ ಶಾಟ್‌ಗಳನ್ನು ಬಯಲಲ್ಲಿ ತೆಗೆದು ಮುಗಿಸಿದರು. ಹತ್ತಿರದವನ್ನು ಹತ್ತು ವಾರ ಬಿಟ್ಟು, ದೊಡ್ಡ ಶೆಡ್ಡಿನೊಳಗೆ ಬಿಳಿ ಪ್ಲಾಸ್ಟಿಕ್ ಹಾಸಿ ತೆಗೆಯುವುದೆಂದು ತೀರ್ಮಾನವಾಯಿತು.

ಹತ್ತು ವಾರ ಕಳೆದು ಮೇಷ್ಟ್ರು ಶೆಡ್ಡಿಗೆ ಬಂದ ಬೆಳಿಗ್ಗೆ ಅವಳು ಬಾಗಿಲ ಪಕ್ಕದಲ್ಲೇ ನಿಂತಿದ್ದಳು. ಅವರು ಎಡಗೈ ಎತ್ತಿ ನಮಸ್ಕಾರ ಎಂದರು. ಬಲಗೈ ಜುಬ್ಬದ ಜೇಬಿನಲ್ಲಿತ್ತು. ಕಾಲಲ್ಲಿ ಲೇಸಿನ ಬೂಟಿನ ಬದಲು ತೂರಿಸಿಕೊಳ್ಳುವ ಚಪ್ಪಲಿ. ಚಹಾದ ಲೋಟವನ್ನು ಎಡಗೈಯಲ್ಲಿ ತೆಗೆದುಕೊಂಡರು, ಕುಡಿದರು, ಎಡಗೈಯಲ್ಲೇ ಇಟ್ಟರು. ಮಾತು ಸ್ವಲ್ಪ ನಿಧಾನವಾಗಿತ್ತು. ಬೇರೆಯವರು ಅದನ್ನು ಪಾತ್ರದ ಗಾಂಭೀರ್ಯ ಎಂದುಕೊಂಡರು. ಅವಳು ನೋಟುಪುಸ್ತಕದ ಹಳೆಯ ಪುಟ ತಿರುವಿದಳು.

ಹಳೆಯ ಶಾಟಿನ ಫೋಟೋ ಹಿಡಿದು ಮೇಕಪ್ ಕೋಣೆಗೆ ಹೋದಳು. ಅವರೊಬ್ಬರೇ ಕನ್ನಡಿಯ ಮುಂದಿದ್ದರು.

"ಮೇಷ್ಟ್ರೇ, ಲಾಟೀನು ಬಲಗೈಲಿತ್ತು."

"ಗೊತ್ತಮ್ಮ. ಬಾಗಿಲು ಹಾಕು."

ಹಾಕಿದಳು. ಅವರು ಬಲಗೈಯನ್ನು ಜೇಬಿನಿಂದ ಎಡಗೈಯಲ್ಲಿ ಎತ್ತಿ ಮೇಜಿನ ಮೇಲೆ ಇಟ್ಟರು, ಯಾರದೋ ಸಾಮಾನು ಇಟ್ಟ ಹಾಗೆ. ಬೆರಳುಗಳು ಅರ್ಧ ಮಡಿಸಿಕೊಂಡವು, ಅಲ್ಲಿಗೇ ನಿಂತವು.

"ಬಚ್ಚಲಲ್ಲಿ ಬಿದ್ದೆ. ಎರಡು ದಿನ ಆಸ್ಪತ್ರೇಲಿದ್ದೆ. ಕಾಲು ಬಂತು, ಮಾತು ಬಂತು. ಈ ಕೈ ಮಾತ್ರ ಕೈಕೊಡ್ತು," ಎಂದು ತಮ್ಮ ಮಾತಿಗೆ ತಾವೇ ಸ್ವಲ್ಪ ನಕ್ಕರು. "ಯಾರಿಗೂ ಹೇಳಿಲ್ಲ. ಮಗಳಿಗೂ. ಬರೀ ಉಳುಕಿದೆ ಅಂದಿದೀನಿ. ಗೊತ್ತಾದ್ರೆ ಮೊದಲ ವಿಮಾನಕ್ಕೆ ಬಂದು ಕರ್ಕೊಂಡು ಹೋಗ್ತಾಳೆ. ಅಲ್ಲಿ ಹೋಗಿ ನಾನೇನು ಮಾಡ್ಲಿ? ಕಿಟಕಿ ಪಕ್ಕ ಕೂತು ಅಳಿಯ ಆಫೀಸಿಗೆ ಹೋಗೋದು ನೋಡ್ಲಾ?"

"ನಿರ್ದೇಶಕರಿಗೆ ಹೇಳಿದ್ರೆ..."

"ಹೇಳಿದ್ರೆ ಬೇರೆಯವರನ್ನ ಹಾಕ್ಕೋತಾರೆ. ಹಾಕ್ಕೋಬೇಕು ಕೂಡ. ಅವರ ತಪ್ಪಲ್ಲ ಅದು." ಅವರು ಕನ್ನಡಿಯಲ್ಲಿ ಅವಳನ್ನು ನೋಡಿದರು. "ಇದೊಂದು ಮುಗೀಲಿ ಅಂತ ಆಸೆ. ಆಮೇಲೆ ನಿಂಗೆ ಬಿಟ್ಟಿದ್ದು."

ಲಾಟೀನಿನ ಹಿಡಿಯನ್ನು ಅವರ ಅಂಗೈಗೆ ಬಟ್ಟೆಪಟ್ಟಿಯಿಂದ ಕಟ್ಟಿ ನೋಡಿದಳು. ಹಿತ್ತಾಳೆಯ ಲಾಟೀನು, ಭಾರ. ಎತ್ತಿದ ಕೂಡಲೇ ಕೈ ಜೋತುಬಿತ್ತು, ಲಾಟೀನು ಮೇಜಿನ ಅಂಚಿಗೆ ಬಡಿದು ಠಣ್ ಎಂದಿತು. ಇಬ್ಬರೂ ಬಾಗಿಲ ಕಡೆ ನೋಡಿದರು. ಯಾರೂ ಬರಲಿಲ್ಲ. ಅವಳು ಪಟ್ಟಿ ಬಿಚ್ಚಿ ಸುತ್ತಿ ಚೀಲದಲ್ಲಿ ಹಾಕಿಕೊಂಡಳು.

ಶೆಡ್ಡಿನಲ್ಲಿ ನೊರೆಯ ಯಂತ್ರ ಕೆಟ್ಟು ಗಲಾಟೆ ನಡೆದಿತ್ತು. ನಿರ್ದೇಶಕ ಒದ್ದೆ ಕೂದಲಲ್ಲಿ ಓಡಾಡುತ್ತಿದ್ದ. ಮೇಷ್ಟ್ರು ಎಡಗೈಯಲ್ಲಿ ಲಾಟೀನು ಹಿಡಿದು ಜಾಗಕ್ಕೆ ಬಂದು ನಿಂತಾಗ ಅವನು ತಲೆ ಎತ್ತಿದ.

"ಅಕ್ಕ, ಬಲಗೈ ಅಲ್ವಾ?"

ಅವಳು ನೋಟುಪುಸ್ತಕ ನೋಡಿದಳು. ಅದರಲ್ಲಿ ಅವಳದೇ ಅಕ್ಷರದಲ್ಲಿ ಬಲಗೈ ಎಂದು ಬರೆದು ಕೆಳಗೆ ಗೆರೆ ಎಳೆದಿತ್ತು.

"ಈ ಶಾಟ್‌ಗೆ ಎಡಗೈನೇ ಸರ್. ಕ್ಯಾಮೆರಾ ಆ ಕಡೆ ತಿರುಗಿದೆಯಲ್ಲ, ದೂರದ ಶಾಟ್‌ಗೆ ಇದೇ ಕೂಡುತ್ತೆ."

ಅವನು ಒಂದು ಕ್ಷಣ ಗಾಳಿಯಲ್ಲಿ ಎಡ ಬಲ ಬೆರಳಾಡಿಸಿ ಲೆಕ್ಕ ಹಾಕಿದ, ಗೊಂದಲವಾಯಿತು, ಕೈಬಿಟ್ಟ. "ನೀವು ಹೇಳಿದ್ಮೇಲೆ ಮುಗೀತು," ಎಂದು ನೊರೆಯ ಯಂತ್ರದ ಕಡೆ ಓಡಿದ.

ಕೆಲಸದಲ್ಲಿ ಅವಳು ಹೇಳಿದ ಮೊದಲ ಸುಳ್ಳು ಅದು. ಮೂರು ದಿನ ಶೂಟಿಂಗ್ ನಡೆಯಿತು. ಹುಡುಗಿಯ ಪಾತ್ರದ ಮಗು ಮೇಷ್ಟ್ರ ಬಲಗೈ ಹಿಡಿದು ನಡೆಯಿತು. ಹಿಡಿಯುವುದು ಮಗುವಿನ ಕೆಲಸವಾದ್ದರಿಂದ ಆ ಕೈ ಮಡಿಸಬೇಕಾಗಿರಲಿಲ್ಲ. ಒಂದು ಬಿಡುವಿನಲ್ಲಿ ಮಗು ಬಂದು ಅವಳ ಕಿವಿಯಲ್ಲಿ, "ತಾತನ ಕೈ ನಿದ್ದೆ ಮಾಡ್ತಿದೆ ಆಂಟಿ, ನಾನೇ ಗಟ್ಟಿ ಹಿಡ್ಕೊಂಡಿದೀನಿ," ಎಂದಿತು. ಅವಳು ಮಗುವಿನ ತಲೆ ಸವರಿ, "ಹಾಗೇ ಹಿಡ್ಕೊ," ಎಂದಳು. ಲಾಟೀನು ಆದಷ್ಟೂ ಕಾಣದಂತೆ ಮುಖಕ್ಕೆ ಹತ್ತಿರ ತೆಗೆಯಿರಿ ಎಂದು ಕ್ಯಾಮೆರಾದವನಿಗೂ ಹೇಳಿ ನೋಡಿದಳು. ಆದರೆ ಹುಡುಗಿಯ ಮುಖದ ಮೇಲೆ ಲಾಟೀನಿನ ಬೆಳಕು ಬೀಳುವುದೇ ನಿರ್ದೇಶಕನಿಗೆ ಬೇಕಾಗಿದ್ದದ್ದು.

ಒಂದು ತಿಂಗಳ ಮೇಲೆ ಎಡಿಟರ್ ಫೋನ್ ಮಾಡಿದ. "ಅಕ್ಕ, ಲಾಟೀನು ಹಾರಾಡ್ತಾ ಇದೆ. ದೂರಕ್ಕೆ ಹೋದ್ರೆ ಬಲಗೈ, ಹತ್ತಿರಕ್ಕೆ ಬಂದ್ರೆ ಎಡಗೈ. ಆರು ಸಲ!"

"ನನ್ನ ತಪ್ಪು," ಎಂದಳು.

ಅವರು ಶಾಟ್‌ಗಳನ್ನು ಕನ್ನಡಿಯಂತೆ ಎಡಬಲ ತಿರುಗಿಸಿ ನೋಡಿದರು. ಲಾಟೀನು ಸರಿಹೋಯಿತು, ಆದರೆ ಹುಡುಗಿಯ ಎಡಗಡೆಯ ಬಿಳಿ ಜಡೆ ಬಲಕ್ಕೆ ಬಂತು. ಎಷ್ಟು ದೂರದ ಕುರ್ಚಿಯಲ್ಲಿ ಕೂತವರಿಗೂ ಕಾಣುವಂಥ ತಪ್ಪು ಅದು. ಶೆಡ್ಡನ್ನು ಆಗಲೇ ಬಿಚ್ಚಿದ್ದರು. ಬಿಡುಗಡೆಯ ತಾರೀಖು ಗೊತ್ತಾಗಿತ್ತು. ನಿರ್ದೇಶಕ ಅವಳ ಹತ್ತಿರ ಕೂಗಾಡಲಿಲ್ಲ. "ನೀವೇ ಹೀಗೆ ಮಾಡಿದ್ರೆ ಹೇಗೆ ಅಕ್ಕ?" ಎಂದಷ್ಟೇ ಕೇಳಿ ಹೋದ. ಕೂಗಾಡಿದ್ದರೆ ಚೆನ್ನಾಗಿರುತ್ತಿತ್ತು ಎಂದು ಅವಳಿಗೆ ಅನ್ನಿಸಿತು.

ಸಿನಿಮಾ ಬಂತು. ಹನ್ನೊಂದು ಕಾಲಿನ ಬದಲು ಒಂದೇ ಕಾಲು ಕಂಡದ್ದನ್ನು ಜನ ಕ್ಷಮಿಸಿದರು. ಉಳಿದ ಕಾಲುಗಳನ್ನು ತಾವೇ ಮನಸ್ಸಿನಲ್ಲಿ ಸೇರಿಸಿಕೊಂಡರು. ಬೂಟಿನ ಅಂಚು ಕಂಡದ್ದನ್ನು ಹೆಚ್ಚಿನವರು ನೋಡಲೇ ಇಲ್ಲ. ಆದರೆ ಬಾಯಿಪಾಠವಾದ ಮಾತು ಸುಳ್ಳಾದದ್ದನ್ನು ಅವರು ಹೇಗೆ ಬಿಟ್ಟಾರು? ಕೆರೆಯ ದೃಶ್ಯದಲ್ಲಿ ಥಿಯೇಟರಿನ ಹಿಂದಿನ ಸಾಲುಗಳಿಂದ "ಬಲಗೈ! ಎಡಗೈ! ಬಲಗೈ!" ಎಂಬ ಕೂಗು ಏಳುತ್ತಿತ್ತು. ಬೆಟ್ಟಕ್ಕೆ ದಾರಿ ತಪ್ಪಿದ್ದು ಯಾಕೆ ಎಂದು ಈಗ ಗೊತ್ತಾಯಿತು ಎಂದು ಯಾರೋ ಬರೆದರು. ಯಾರೋ ಒಬ್ಬ ತಪ್ಪುಗಳನ್ನೆಲ್ಲ ಆಯ್ದು ವಿಡಿಯೋ ಮಾಡಿದ. ಅದರಲ್ಲಿ ಮೊದಲ ಸ್ಥಾನ ಲಾಟೀನಿಗೆ.

ಆ ವಿಡಿಯೋವನ್ನು ಅವಳು ನೋಡಿದ್ದು ತಂಗಿಯ ಮನೆಯಲ್ಲಿ. ತಂಗಿಯ ಮಗಳು ಸೋಫಾದಲ್ಲಿ ಅವಳ ಪಕ್ಕ ಕೂತು ಫೋನು ಮುಂದೆ ಹಿಡಿದಳು.

"ದೊಡ್ಡಮ್ಮ, ಇಲ್ನೋಡು, ಎಷ್ಟು ತಮಾಷೆಯಾಗಿದೆ! ಕೊನೇಲಿ 'ಆ ಕೆಲಸ ನೋಡ್ಕೊಂಡೋರು ಯಾರೋ, ನಿದ್ದೆ ಹೋಗಿದ್ರೋ ಏನೋ' ಅಂತಾನೆ." ಹೇಳುತ್ತ ಹೇಳುತ್ತ ಹುಡುಗಿಗೆ ನೆನಪಾಯಿತು. ನಾಲಿಗೆ ಕಚ್ಚಿಕೊಂಡಳು. "ಅಯ್ಯೋ... ಇದು ನಿಂದೇ ಸಿನಿಮಾ ಅಲ್ವಾ?"

"ಹೂಂ, ನಂದೇ."

"ನಿದ್ದೆ ಬಂದಿತ್ತಾ ದೊಡ್ಡಮ್ಮ?"

"ಬಂದಿತ್ತೇನೋ," ಎಂದು ನಕ್ಕಳು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ತಂಗಿ ನಗಲಿಲ್ಲ. ಅಕ್ಕನನ್ನೇ ನೋಡಿ ಒಳಗೆ ಹೋದಳು.

ಅಲ್ಲಿಂದ ಮುಂದೆ ಕೆಲಸ ಬರುವುದು ನಿಂತಿತು. ಯಾರೂ ಬೇಡ ಎನ್ನಲಿಲ್ಲ. ಕರೆಯಲಿಲ್ಲ, ಅಷ್ಟೇ. ಹೊಸಬರು ಟ್ಯಾಬ್ ಹಿಡಿದು ಬಂದಿದ್ದರು. ಒತ್ತಿದರೆ ಹಳೆಯ ಶಾಟ್ ಅಲ್ಲೇ ಕಾಣುತ್ತಿತ್ತು. ಫೋನು ಬಡಿದುಕೊಳ್ಳದ ಬೆಳಿಗ್ಗೆಗಳಲ್ಲಿ ಅವಳು ಬಾಲ್ಕನಿಯ ಕುರ್ಚಿಯಲ್ಲಿ ಕೂತು ಎದುರು ಮನೆಯ ಕಿಟಕಿಗಳನ್ನು ನೋಡುತ್ತಿದ್ದಳು. ಮೂರನೇ ಮಹಡಿಯ ಹೆಂಗಸು ಇವತ್ತು ಟವೆಲನ್ನು ನಿನ್ನೆಗಿಂತ ಎಡಕ್ಕೆ ಒಣಹಾಕಿದ್ದಾಳೆ ಎಂದು ಮನಸ್ಸು ತಾನಾಗಿಯೇ ಬರೆದುಕೊಳ್ಳುತ್ತಿತ್ತು. ಅದನ್ನು ಯಾರಿಗೆ ಹೇಳುವುದು?

ಐದಾರು ತಿಂಗಳ ಮೇಲೆ ಹಳೆಯ ಪರಿಚಯದ ಒಬ್ಬರು ಮ್ಯೂಸಿಯಮ್ಮಿನಲ್ಲಿ ಕೆಲಸ ಕೊಡಿಸಿದರು. ನೆಲಮಾಳಿಗೆಯಲ್ಲಿ ಒಂದು ಮೇಜು, ಒಂದು ಟ್ಯೂಬ್‌ಲೈಟು. ಕಪಾಟಿನಿಂದ ಒಂದೊಂದೇ ಮಡಕೆ, ವಿಗ್ರಹ, ಪೆಟ್ಟಿಗೆ ತೆಗೆದು ಎಲ್ಲಿ ಬಿರುಕಿದೆ, ಎಲ್ಲಿ ಬಣ್ಣ ಹೋಗಿದೆ ಎಂದು ಕಾರ್ಡಿನಲ್ಲಿ ಬರೆಯಬೇಕು. ಅವಳಿಗೆ ಹೇಳಿ ಮಾಡಿಸಿದಂಥ ಕೆಲಸ. ಮಡಕೆಗಳು ಅಲುಗಾಡುತ್ತಿರಲಿಲ್ಲ, ಮಾತಾಡುತ್ತಿರಲಿಲ್ಲ. ಮೇಲಿನ ಮಹಡಿಗಳಲ್ಲಿ ಶಾಲೆಯ ಮಕ್ಕಳು ಓಡಾಡುವ ಸದ್ದು ಚಾವಣಿಯ ಮೂಲಕ ಕೇಳುತ್ತಿತ್ತು. ಕೆಲವು ದಿನ ಬೆಳಿಗ್ಗೆ ಕಾವಲುಗಾರನಿಗೆ ಹೇಳಿದ ನಮಸ್ಕಾರದ ನಂತರ ಸಂಜೆ ಬಸ್ಸಿನಲ್ಲಿ ಟಿಕೆಟ್ ಕೇಳುವವರೆಗೆ ಅವಳ ಬಾಯಿಂದ ಮಾತೇ ಹೊರಡುತ್ತಿರಲಿಲ್ಲ. 

ಅಂಥ ಒಂದು ಮಧ್ಯಾಹ್ನ ನಿರ್ದೇಶಕನ ಫೋನ್ ಬಂತು.

"ಅಕ್ಕ, ಮೇಷ್ಟ್ರು ಬಂದಿದ್ರು ಮನೆಗೆ. ಎಲ್ಲಾ ಹೇಳಿದ್ರು."

ಅವಳು ಕೈಯಲ್ಲಿದ್ದ ಮಡಕೆಯನ್ನು ಮೆಲ್ಲಗೆ ಕೆಳಗಿಟ್ಟಳು. ಮೇಷ್ಟ್ರು ಆ ವಿಡಿಯೋ ನೋಡಿದ್ದು ತಡವಾಗಿಯಂತೆ. ನೋಡಿದ ಮರುದಿನವೇ ಆಟೋ ಹಿಡಿದು ನಿರ್ದೇಶಕನ ಮನೆ ಹುಡುಕಿಕೊಂಡು ಹೋಗಿದ್ದರು. ಮಗಳ ಕಿವಿಗೆ ಮಾತ್ರ ಬೀಳಬಾರದು ಎಂದು ಮಾತು ತೆಗೆದುಕೊಂಡಿದ್ದರು.

"ಕ್ಷಮಿಸಿ ಸರ್," ಎಂದಳು.

"ಕ್ಷಮಿಸೋದಲ್ಲ ಅಕ್ಕ. ನಂಗೆ ಕೋಪ ಬಂದಿದೆ. ಒಂದು ಮಾತು ಯಾಕೆ ಹೇಳ್ಲಿಲ್ಲ ನೀವು?"

"ಹೇಳಿದ್ರೆ ಅವರನ್ನ ತೆಗೀತಿದ್ರಿ."

"ಯಾರು ಹೇಳಿದ್ದು? ನೀವು ಕೇಳಿದ್ರಾ?" ಅವನ ದನಿ ಏರಿತು. "ಹನ್ನೊಂದು ಕಾಲಿನ ಬೆಟ್ಟಾನ ಒಂದೇ ಕಾಲಲ್ಲಿ ನಡೆಸಿದೋರು ನಾವು! ಮೇಷ್ಟ್ರ ಒಂದು ಕೈಗೆ ದಾರಿ ಹುಡುಕ್ತಿರಲಿಲ್ವಾ? ಬೆಟ್ಟ ಅಲುಗಾಡಿದಾಗ ಒಂದು ಕಲ್ಲು ಉರುಳಿ ತಾತನ ಕೈ ಮೇಲೆ ಬಿತ್ತು ಅಂತ ಒಂದು ಶಾಟ್ ತೆಗೀತಿದ್ದೆ. ಹುಡುಗಿ ಲಾಟೀನನ್ನ ಈ ಕೈಯಿಂದ ಬಿಡಿಸಿ ಆ ಕೈಗೆ ಕೊಡ್ತಿದ್ಲು. ಪುಸ್ತಕದಲ್ಲಿಲ್ಲ, ನಿಜ. ಆದ್ರೆ ಇಡೀ ಸಿನಿಮಾದಲ್ಲಿ ಅಂಥ ಶಾಟ್ ಇನ್ನೊಂದು ಇರ್ತಿರಲಿಲ್ಲ."

ಅವಳಿಗೆ ಆ ಶಾಟ್ ಕಣ್ಣಿಗೆ ಕಟ್ಟಿದಂತೆ ಕಂಡಿತು. ಮಗುವಿನ ಎರಡು ಪುಟ್ಟ ಕೈ, ನಡುವೆ ಹಿತ್ತಾಳೆಯ ಹಿಡಿ. ಅರ್ಧ ದಿನದ ಕೆಲಸ.

"ಹೋಗ್ಲಿ ಬಿಡಿ," ಎಂದ ಅವನು ದನಿ ಇಳಿಸಿ. "ನಾನೂ ಆವತ್ತು ಸರಿಯಾಗಿ ನೋಡ್ಬೇಕಿತ್ತು. ನೀವು ನೋಡ್ತೀರ ಅಂತ ನಾವ್ಯಾರೂ ನೋಡೋದೇ ಬಿಟ್ಟಿದ್ವಿ."

ಫೋನು ಇಟ್ಟ ಮೇಲೆ ಅವಳಿಗೆ ಆ ಮಧ್ಯಾಹ್ನ ಒಂದು ಕಾರ್ಡನ್ನೂ ಬರೆಯಲಾಗಲಿಲ್ಲ. ಇಷ್ಟು ದಿನ ಅವಳ ಒಳಗೆ ಒಂದು ಸಮಾಧಾನವಿತ್ತು: ಹೆಸರು ಹೋದರೆ ಹೋಗಲಿ, ಒಬ್ಬರ ಮಾನ ಉಳಿಸಿದೆ ಎಂದು. ಈಗ ಅದೂ ಕೈಜಾರಿತು. ಬಾಯಿಬಿಟ್ಟಿದ್ದರೆ ಎರಡೂ ಉಳಿಯುತ್ತಿದ್ದವು. ಕೇಳಿದರೆ ಯಾರಾದರೂ ಜೊತೆಗೆ ನಿಂತಾರು ಎಂಬ ಯೋಚನೆಯೇ ಆವತ್ತು ಅವಳಿಗೆ ಬಂದಿರಲಿಲ್ಲ. ಮೇಕಪ್ ಕೋಣೆಯಿಂದ ಹೊರಗೆ ಬರುವಷ್ಟರಲ್ಲಿ ಅದು ಅವಳೊಬ್ಬಳೇ ಹೊರಬೇಕಾದ ಭಾರ ಎಂದು ತೀರ್ಮಾನವಾಗಿಹೋಗಿತ್ತು.

ಸಂಜೆ ತಂಗಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದಳು.  ಮುಗಿದ ಮೇಲೆ ತಂಗಿ, "ಅಮ್ಮನ ವಿಷಯದಲ್ಲೂ ನೀನು ಇದೇ ಮಾಡಿದ್ದು," ಎಂದಳು.

"ಏನು ಮಾಡಿದೆ?"

"ಗೊತ್ತಿಲ್ವಾ? ಅಮ್ಮ ಹೆಚ್ಚು ದಿನ ಇರಲ್ಲ ಅಂತ ಡಾಕ್ಟರು ಹೇಳಿ ಐದು ತಿಂಗಳಾದ್ಮೇಲೆ ನಂಗೆ ಗೊತ್ತಾಗಿದ್ದು. ಆಗ ನಾನು ಬಸುರಿ, ಗಾಬರಿ ಆಗ್ಬಾರ್ದು ಅಂತ ನೀನು ಮುಚ್ಚಿಟ್ಟೆ. ನಿನ್ನ ಒಳ್ಳೇತನ ನಂಗೆ ಗೊತ್ತು ಅಕ್ಕ. ಆದ್ರೆ ಆ ಐದು ತಿಂಗಳು ನಂಗೆ ಸಿಗ್ಲಿಲ್ಲ. ನಿಂಗೊಬ್ಬಳಿಗೇ ಸಿಕ್ತು." ಆ ಕಡೆ ಮೂಗು ಏರಿಸಿದ ಸದ್ದು. "ಬೈಯೋಕೆ ಹೇಳ್ತಿಲ್ಲ. ಭಾನುವಾರ ಊಟಕ್ಕೆ ಬಾ."

ಹದಿನಾರು ವರ್ಷ ತಂಗಿ ಆ ಮಾತನ್ನು ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದಳು.  ಗುಂಡಿಯಕ್ಕ ಭಾನುವಾರ ಹೋದಳು. ಅಡುಗೆಮನೆಯಲ್ಲಿ ಇಬ್ಬರೂ ಪಾತ್ರೆ ತೊಳೆಯುತ್ತ ನಿಂತಾಗ ಅಮ್ಮನ ಆ ಐದು ತಿಂಗಳ ಬಗ್ಗೆ ಒಂದೆರಡು ಸಂಗತಿ ಹೇಳಲು ಹೋದಳು. ಶುರು ಮಾಡಿದ್ದು ಮುಗಿಯುವಷ್ಟರಲ್ಲಿ ನೆಂಟರು ಬಂದರು.

ಮೇಷ್ಟ್ರು ಒಂದು ಸಲ ಅವಳ ಮನೆಗೆ ಬಂದರು. ಎರಡು ಮಹಡಿ ಹತ್ತಲು ಇಪ್ಪತ್ತು ನಿಮಿಷ ಹಿಡಿಯಿತು. ಬಾಲ್ಕನಿಯ ಕುರ್ಚಿಯಲ್ಲಿ ಅವರನ್ನು ಕೂರಿಸಿ ಅವಳು ಹೊಸ್ತಿಲ ಮೇಲೆ ಕೂತಳು. ಇಬ್ಬರೂ ಕ್ಷಮೆ ಕೇಳಲಿಲ್ಲ. ಅವರು ಎಡಗೈಯಲ್ಲಿ ಚಹಾ ಕುಡಿದರು, ಎದುರು ಮನೆಯ ಟವೆಲಿನ ಬಗ್ಗೆ ಅವಳು ಹೇಳಿದ್ದಕ್ಕೆ ನಕ್ಕರು, ಮಳೆ ಬರುವ ಮೊದಲು ಇಳಿದು ಹೋದರು. ಮತ್ತೆ ಬರುತ್ತೇನೆ ಎಂದಿದ್ದರು. ಎರಡು ತಿಂಗಳು ಕಳೆದು ಅವರು ತೀರಿಕೊಂಡ ಸುದ್ದಿ ಪತ್ರಿಕೆಯ ಒಳಪುಟದಲ್ಲಿ ಬಂತು. ಇನ್ನೊಂದು ಸಲ ಬಿದ್ದಿದ್ದರು. ಪತ್ರಿಕೆಯವರು ಹಾಕಿದ ಫೋಟೋ ಲಾಟೀನಿನದೇ, ಬಲಗೈಯದು.

ಐದನೇ ದಿನ ಅವಳು ಅವರ ಫ್ಲ್ಯಾಟಿಗೆ ಹೋದಳು. ಬಾಗಿಲು ತೆಗೆದವಳು ಮಗಳು. ನಲವತ್ತರ ಹೆಂಗಸು, ಕಣ್ಣ ಸುತ್ತ ಕಪ್ಪು. ನೆಲದ ಮೇಲೆ ಅರ್ಧ ತುಂಬಿದ ರಟ್ಟಿನ ಪೆಟ್ಟಿಗೆಗಳು.

"ನೀವು?"

"ಅವರ ಜೊತೆ ಒಂದು ಸಿನಿಮಾದಲ್ಲಿ ಕೆಲಸ ಮಾಡಿದ್ದೆ. ಬೆಟ್ಟದ್ದು."

"ಓ, ಅದಾ." ಮಗಳು ದಣಿದ ನಗೆ ನಕ್ಕಳು. "ಕೈ ಬದಲಾಗೋ ಸಿನಿಮಾ. ಅಲ್ಲೂ ನನ್ನ ಮಕ್ಕಳು ಅದನ್ನೇ ಹೇಳಿ ನಗ್ತಾರೆ. ಅಪ್ಪನ್ನ ಕೇಳಿದ್ರೆ 'ಮುದುಕ, ಮರೆತುಬಿಟ್ಟೆ' ಅಂತಿದ್ರು. ಅಪ್ಪ ಯಾವತ್ತೂ ಏನೂ ಮರೆಯೋರಲ್ಲ."

ಗುಂಡಿಯಕ್ಕ ಕೈಯಲ್ಲಿದ್ದ ಚೀಲವನ್ನು ಕೆಳಗಿಟ್ಟಳು. ಮೇಕಪ್ ಕೋಣೆಯಲ್ಲಿ ಬಾಯಿಬಿಟ್ಟು ಹೇಳದೆಯೇ ಕೊಟ್ಟ ಮಾತು ಇತ್ತು. ಮಾತು ಕೊಡಿಸಿಕೊಂಡವರು ಈಗ ಇರಲಿಲ್ಲ. ಎದುರಿಗೆ ಇದ್ದವಳು ಅಪ್ಪನನ್ನು ಮರೆಗುಳಿ ಎಂದು ನಂಬಲು ಹೆಣಗುತ್ತಿದ್ದಳು.

"ಮರೆತಿರಲಿಲ್ಲಮ್ಮ," ಎಂದಳು. "ಆ ಕೈ ಅವರಿಗೆ ಬರ್ತಿರಲಿಲ್ಲ. ಆ ದೃಶ್ಯ ತೆಗೆಯೋಕೆ ಮೊದಲೇ ಒಂದು ಸಲ ಪಾರ್ಶ್ವವಾಯು ಆಗಿತ್ತು. ನಿಮಗೆ ಉಳುಕು ಅಂತ ಹೇಳಿದ್ರು."

ಮಗಳು ಹತ್ತಿರದ ಪೆಟ್ಟಿಗೆಯ ಮೇಲೆ ಕೂತುಬಿಟ್ಟಳು. ರಟ್ಟು ತಗ್ಗಿತು. ಮೊದಲು ಸಿಟ್ಟು ಬಂತು. ಯಾಕೆ ಯಾರೂ ಹೇಳಲಿಲ್ಲ, ನೀವು ಯಾರು ಮುಚ್ಚಿಡೋಕೆ, ಎಂದು ಏರುದನಿಯಲ್ಲಿ ಕೇಳಿದಳು. ಗುಂಡಿಯಕ್ಕ ಸಮರ್ಥನೆಗೆ ಹೋಗಲಿಲ್ಲ. "ಹೇಳ್ಬೇಕಿತ್ತು. ತಪ್ಪು ಮಾಡಿದೆ," ಎಂದಳು.  ಕೆಳಗೆ ರಸ್ತೆಯಲ್ಲಿ ಯಾವುದೋ ಗಾಡಿ ಹಿಂದಕ್ಕೆ ಬರುತ್ತ ಪೀಂ ಪೀಂ ಎನ್ನುತ್ತಿತ್ತು.

ಆಮೇಲೆ ಮಗಳು ಮುಖ ಒರೆಸಿಕೊಂಡು, "ನಾನು ಎರಡು ವರ್ಷದಿಂದ ಅಪ್ಪನ್ನ ಫೋನ್‌ನಲ್ಲೇ ನೋಡಿದ್ದು. ಮುಖ ಬಿಟ್ರೆ ಬೇರೇನೂ ಕಾಣ್ತಿರಲಿಲ್ಲ," ಎಂದಳು. "ಅವರು ಹೇಗಿದ್ರು? ಆ ದಿನಗಳಲ್ಲಿ?"

ಹಾಗೆ ಅವಳನ್ನು ಯಾರೂ ಕೇಳಿರಲಿಲ್ಲ. ಮೇಷ್ಟ್ರು ಶೆಡ್ಡಿಗೆ ಬಂದ ಬೆಳಗಿನಿಂದ ಶುರುಮಾಡಿದಳು. ಒಂಬತ್ತೂ ಕಾಲಿಗೆ ಬಂದದ್ದು, ನಸುಬೂದು ಜುಬ್ಬ, ಮೊಣಕೈಯ ಹತ್ತಿರ ಇಸ್ತ್ರಿ ಸುಟ್ಟ ಸಣ್ಣ ಗುರುತು. ಒಂದೇ ಕೈಯಲ್ಲಿ ಇಸ್ತ್ರಿ ಮಾಡಿಕೊಂಡಿದ್ದರೇನೋ ಎಂದು ಹೇಳುವಾಗ ಅವಳಿಗೇ ಹೊಳೆಯಿತು. ಮಗುವಿಗೆ ಬಿಡುವಿನಲ್ಲಿ ಮಗ್ಗಿ ಹೇಳಿಕೊಟ್ಟದ್ದು, ಹದಿಮೂರರ ಮಗ್ಗಿಯಲ್ಲಿ ತಾವೇ ತಪ್ಪಿದ್ದು. ಕೊನೆಯ ಶಾಟ್ ಮುಗಿದಾಗ ಯಾರೂ ನೋಡುತ್ತಿಲ್ಲ ಎಂದುಕೊಂಡು ಬಲಗೈಯನ್ನು ಎಡಗೈಯಿಂದ ಎರಡು ಸಲ ಮೆಲ್ಲಗೆ ತಟ್ಟಿದ್ದು. ಮಗಳು ನಡುನಡುವೆ ಕೇಳುತ್ತಿದ್ದಳು, ಊಟ ಸರಿಯಾಗಿ ಮಾಡ್ತಿದ್ರಾ, ನನ್ನ ಬಗ್ಗೆ ಏನಾದ್ರೂ ಅಂತಿದ್ರಾ. ಇಲ್ಲದ್ದನ್ನು ಸೇರಿಸದೆ, ಇದ್ದದ್ದನ್ನು ಬಿಡದೆ ಅವಳು ಹೇಳಿದಳು. ಕಿಟಕಿಯ ಬೆಳಕು ಗೋಡೆಯಿಂದ ಇಳಿದು ಪೆಟ್ಟಿಗೆಗಳ ಮೇಲೆ ಬರುವವರೆಗೆ ಇಬ್ಬರೂ ಹಾಗೇ ಕೂತಿದ್ದರು.

ಒಂಬತ್ತು ದಿನಕ್ಕೆ ಮಗಳು ಫ್ಲ್ಯಾಟು ಖಾಲಿ ಮಾಡಿ ಹೊರಟುಹೋದಳು. ಸಿನಿಮಾದ ಎರಡನೇ ಭಾಗ ಬರಲೇ ಇಲ್ಲ. ಲಾಟೀನಿನ ತಮಾಷೆ ಇನ್ನೂ ನಡೆದೇ ಇದೆ. ಅದನ್ನು ಯಾರೂ ತಿದ್ದಲು ಹೋಗಲಿಲ್ಲ, ಅವಳೂ ಹೋಗಲಿಲ್ಲ. ಮ್ಯೂಸಿ­ಯಮ್ಮಿನ ನೆಲಮಾಳಿಗೆಯಲ್ಲಿ ನಾಲ್ಕು ಕಪಾಟು ಮುಗಿದು ಐದನೆಯದು ನಡೆಯುತ್ತಿದೆ. ತಿಂಗಳಿಗೊಮ್ಮೆ, ಕೆಲವು ಸಲ ಎರಡು ತಿಂಗಳಿಗೊಮ್ಮೆ, ದೂರದೇಶದ ನಂಬರಿನಿಂದ ಫೋನು ಬರುತ್ತದೆ. ಮಗಳು ಉಪಚಾರದ ಮಾತಾಡುವುದಿಲ್ಲ, ನೇರವಾಗಿ ಕೇಳುತ್ತಾಳೆ.

"ಆಂಟಿ, ಅಪ್ಪ ನಗುವಾಗ ತಲೆ ಯಾವ ಕಡೆ ವಾಲಿಸ್ತಿದ್ರು? ನಂಗೆ ಇದ್ದಕ್ಕಿದ್ದ ಹಾಗೆ ನೆನಪೇ ಆಗ್ತಿಲ್ಲ."

"ಎಡಗಡೆ," ಎನ್ನುತ್ತಾಳೆ ಗುಂಡಿಯಕ್ಕ, ಪೆನ್ನು ಕೆಳಗಿಟ್ಟು. "ಕಣ್ಣು ಮುಚ್ಚಿಕೊಂಡು."